ಟರಾಂಟುಲಾ ಸಾಕಣೆ: ಮೈಸೂರು, ಮಂಡ್ಯದ ಮನೆಗಳಿಗೆ ಜಾತಿ ಆರಿಸುವುದರಿಂದ ಪೊರೆ ಕಳಚುವವರೆಗೆ

ಟರಾಂಟುಲಾ ಎಂಬ ರೋಮ ತುಂಬಿದ ದೊಡ್ಡ ಜೇಡವನ್ನು ಸಾಕುವ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದವು. ಹೀಟ್ ಮ್ಯಾಟ್ ಕೊಳ್ಳಿ, ಪೆಟ್ಟಿಗೆಗೆ ಬಲ್ಬ್ ಹಾಕಿ, ದಿನಾ ನೀರು ಸಿಂಪಡಿಸಿ ಅನ್ನುತ್ತವೆ. ನಮ್ಮಲ್ಲಿ ಅದನ್ನು ಹಾಗೇ ಪಾಲಿಸಿದರೆ ಏಪ್ರಿಲ್‌ನಲ್ಲಿ ಜೇಡ ಬೇಯುತ್ತದೆ, ಇಲ್ಲವೇ ಜುಲೈನಲ್ಲಿ ಬೂಷ್ಟು ಹಿಡಿದ ಪೆಟ್ಟಿಗೆಯಲ್ಲಿ ಸಾಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಈ ಎರಡೂ ಊರಿನ ಮನೆಯೊಳಗಿನ ಹವೆ ವರ್ಷದ ಹತ್ತು ತಿಂಗಳು ಈ ಪ್ರಾಣಿಗೆ ಹೇಳಿ ಮಾಡಿಸಿದಂತಿರುತ್ತದೆ. ಇಲ್ಲಿ ಅದನ್ನು ಕೊಲ್ಲುವುದು ಚಳಿಯಲ್ಲ. ಸೊಳ್ಳೆ ಓಡಿಸುವ ದ್ರವ, ಇರುವೆ, ಗದ್ದೆ ಬದುವಿನಿಂದ ಹಿಡಿದು ತಂದ ಮಿಡತೆ, ಜೊತೆಗೆ ಸಾಕುವವರ ಅತಿ ಕಾಳಜಿ. ಈ ನಾಲ್ಕನ್ನು ದೂರವಿಟ್ಟರೆ ಉಳಿದ ಕೆಲಸ ವಾರಕ್ಕೆ ಹತ್ತು ನಿಮಿಷದ್ದು.

ಮೊದಲೇ ಒಂದು ಮಾತು. ಟರಾಂಟುಲಾ ಮುದ್ದು ಮಾಡುವ ಪ್ರಾಣಿಯಲ್ಲ. ಹೆಸರು ಹಿಡಿದು ಕರೆದರೆ ಬರುವುದಿಲ್ಲ, ಸಾಕಿದವರನ್ನು ಗುರುತಿಸುವುದಿಲ್ಲ, ಹೆಚ್ಚಿನ ದಿನ ಕದಲುವುದೂ ಇಲ್ಲ. ಮೀನಿನ ತೊಟ್ಟಿಯ ಮುಂದೆ ಸುಮ್ಮನೆ ಕೂರುವ ಅಭ್ಯಾಸ ಇದ್ದವರಿಗೆ ಇದು ಹಿಡಿಸುತ್ತದೆ. ಹೆಣ್ಣು 20 ವರ್ಷ ದಾಟಿ ಬದುಕಬಲ್ಲದು. ಪಿಯುಸಿ ಓದುವ ಹುಡುಗ ತಂದ ಜೇಡವನ್ನು ಮುಂದೆ ಅವನ ತಾಯಿ ಸಾಕಬೇಕಾಗಿ ಬರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ತರುವ ಮೊದಲು ಅಮ್ಮನನ್ನು ಕೇಳಿ.

ಕಾಗದಪತ್ರ ಮೊದಲು

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ, ಅಂದರೆ ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿಗಳು ಈಗ ಕಾಯ್ದೆಯ 4ನೇ ಅನುಸೂಚಿಯಲ್ಲಿವೆ. ಅಂಥದ್ದನ್ನು ಇಟ್ಟುಕೊಂಡವರು 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಹೊಸದಾಗಿ ಕೈಗೆ ಬಂದದ್ದಕ್ಕೆ 30 ದಿನದ ಗಡುವು. ಮರಿ ಹುಟ್ಟಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ಅದನ್ನೂ ತಿಳಿಸಬೇಕು.

ಸಾಕುವವರ ಅಚ್ಚುಮೆಚ್ಚಿನ ಬ್ರಾಕಿಪೆಲ್ಮಾ ಕುಲ, ಮೊದಲು ಅದರೊಳಗೇ ಇದ್ದು ಆಮೇಲೆ ಬೇರೆಯಾದ ಟ್ಲಿಲ್ಟೊಕ್ಯಾಟ್ಲ್ ಕುಲ, ನಮ್ಮ ದೇಶದ ಪೊಯಿಸಿಲೋಥೀರಿಯಾ ಕುಲ ಈ ಪಟ್ಟಿಯಲ್ಲಿವೆ. ಪಟ್ಟಿ ಆಗಾಗ ಬೆಳೆಯುತ್ತದೆ. ಯಾವ ಜಾತಿಯೇ ಆಗಲಿ, ಕೊಳ್ಳುವ ದಿನದ ಪಟ್ಟಿಯನ್ನು ನೋಡಿಯೇ ಮುಂದುವರಿಯಿರಿ. ಮಾರುವವರು ತಮ್ಮ ನೋಂದಣಿ ಸಂಖ್ಯೆ ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ವಿದೇಶದಿಂದ ಅಂಚೆಯಲ್ಲಿ ತರಿಸುವ ಯೋಚನೆಯೇ ಬೇಡ. 2021ರ ಜುಲೈನಲ್ಲಿ ಪೋಲೆಂಡ್‌ನಿಂದ ಬಂದ ಒಂದು ಪಾರ್ಸೆಲ್ಲನ್ನು ಚೆನ್ನೈ ಕಸ್ಟಮ್ಸ್‌ನವರು ಬಿಚ್ಚಿದಾಗ ಸಣ್ಣ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಪರವಾನಗಿ ಇಲ್ಲದೆ ಬಂದದ್ದು ಕಳ್ಳಸಾಗಣೆ, ಒಂದಾದರೂ ಅಷ್ಟೇ, ನೂರಾದರೂ ಅಷ್ಟೇ.

ಇನ್ನೊಂದು ಆಸೆ ನಮ್ಮ ಊರಿನವರಿಗೇ ವಿಶೇಷವಾಗಿ ಬರುತ್ತದೆ. 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಸಿದ ಪೊಯಿಸಿಲೋಥೀರಿಯಾ ಸ್ಟ್ರಯೇಟಾ ಜೇಡವನ್ನು ಜಗತ್ತಿನ ಸಾಕಣೆದಾರರೆಲ್ಲ 'ಮೈಸೂರು ಆರ್ನಮೆಂಟಲ್' ಎಂದೇ ಕರೆಯುತ್ತಾರೆ. ನಮ್ಮೂರ ಹೆಸರಿನ ಜೇಡ ನಮ್ಮ ಮನೆಯಲ್ಲಿರಲಿ ಎಂದು ಕಾಡಿನ ಮರದ ಪೊಟರೆಯಿಂದ ಹಿಡಿದು ತರಬೇಡಿ. ಈ ಜೇಡಗಳ ಸಂತತಿಗೆ ಹಳೆಯ ಮರಗಳ ಪೊಟರೆಯೇ ಆಧಾರ, ಮರವೂ ಕಡಿಮೆಯಾಗುತ್ತಿದೆ, ಹಿಡಿಯುವವರೂ ಹೆಚ್ಚಿದ್ದಾರೆ. ಇದರ ನೀಲಿ ಬಣ್ಣದ ಬಂಧು, ಆಂಧ್ರದ ಗುತ್ತಿಯಲ್ಲಿ ಮೊದಲು ಸಿಕ್ಕ ಪೊಯಿಸಿಲೋಥೀರಿಯಾ ಮೆಟಾಲಿಕಾ, ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಸಾಲಿಗೆ ಸೇರಿದೆ. ಸಾಕಲೂ ಇವು ಕಷ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ತೋಳು ಹತ್ತುವ ವೇಗ, ಕಚ್ಚಿದರೆ ದಿನಗಟ್ಟಲೆ ಬಿಡದ ಸ್ನಾಯು ಸೆಳೆತ.

ಯಾವ ಜಾತಿ?

ಟರಾಂಟುಲಾಗಳನ್ನು ಸಾಕುವವರು ಎರಡು ಪಾಲು ಮಾಡುತ್ತಾರೆ. ಅಮೆರಿಕ ಖಂಡಗಳ ಜೇಡಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಮೇಲೆ ತುರಿಕೆ ರೋಮ ಇರುತ್ತದೆ. ಹೆದರಿದರೆ ಹಿಂಗಾಲಿನಿಂದ ಅದನ್ನು ಕೆರೆದು ಗಾಳಿಗೆ ತೂರುತ್ತವೆ. ಕಚ್ಚುವುದು ಕಡಿಮೆ, ಕಚ್ಚಿದರೂ ವಿಷ ಸೌಮ್ಯ. ಏಷ್ಯಾ, ಆಫ್ರಿಕಾದ ಜೇಡಗಳಿಗೆ ಆ ರೋಮ ಇಲ್ಲ. ಅದರ ಬದಲು ವೇಗ, ಸಿಟ್ಟು, ಕಟುವಾದ ವಿಷ. ಮೊದಲ ಜೇಡ ಅಮೆರಿಕದ್ದೇ ಆಗಿರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ನಮ್ಮ ಹವೆಗೆ ಮೊದಲ ಸ್ಥಾನ ಕರ್ಲಿ ಹೇರ್‌ಗೆ, ಅಂದರೆ ಟ್ಲಿಲ್ಟೊಕ್ಯಾಟ್ಲ್ ಆಲ್ಬೊಪಿಲೋಸಸ್. ಮಧ್ಯ ಅಮೆರಿಕದ್ದು. ಕಂದು ಮೈ, ಅದರ ಮೇಲೆ ಗುಂಗುರು ಗುಂಗುರಾದ ತಿಳಿ ರೋಮ. ಕಾಲು ಚಾಚಿದರೆ 13–15 ಸೆಂ.ಮೀ. ನೋಡಲು ಅಂಥ ಬಣ್ಣವೇನಿಲ್ಲ, ಆದರೆ ಮಣ್ಣು ಸ್ವಲ್ಪ ಒಣಗಿದರೂ ಸರಿ, ಸ್ವಲ್ಪ ಹಸಿಯಾದರೂ ಸರಿ, ಹಾಕಿದ್ದನ್ನು ತಿಂದು ಬೆಳೆಯುತ್ತದೆ. ಹೊಸಬರ ತಪ್ಪುಗಳನ್ನು ಇದರಷ್ಟು ಸಹಿಸುವ ಜೇಡ ಇನ್ನೊಂದಿಲ್ಲ.

ಕೆಂಪು ಮೊಣಕಾಲಿನ ಮೆಕ್ಸಿಕನ್ ರೆಡ್ ನೀ (ಬ್ರಾಕಿಪೆಲ್ಮಾ ಹಮೋರಿ) ಚಿತ್ರಗಳಲ್ಲಿ ಎಲ್ಲರೂ ಕಂಡದ್ದು. ಬೆಳವಣಿಗೆ ಆಮೆ ನಡಿಗೆ, ಆಯಸ್ಸು ದೀರ್ಘ, ರೋಮ ತೂರುವುದರಲ್ಲಿ ಧಾರಾಳಿ. ಹಳೆಯ ಮಾರಾಟಗಾರರು ಇದನ್ನು 'ಸ್ಮಿತಿ' ಎಂಬ ಹೆಸರಿನಲ್ಲೇ ಮಾರುವುದುಂಟು. ಸ್ಮಿತಿ ಬೇರೆಯೇ ಜಾತಿ, ಆರೈಕೆ ಮಾತ್ರ ಒಂದೇ.

ಗ್ರಾಮೊಸ್ಟೋಲಾ ಕುಲದಲ್ಲಿ ಮೂರು ಗಮನಿಸುವಂಥವು. ಚಾಕೊ ಗೋಲ್ಡನ್ ನೀ ದೊಡ್ಡದು, 18 ಸೆಂ.ಮೀ. ದಾಟುತ್ತದೆ, ಸ್ವಭಾವ ಬಹಳ ಶಾಂತ. ಬ್ರೆಜಿಲಿಯನ್ ಬ್ಲ್ಯಾಕ್ ಮಖಮಲ್ಲಿನಂಥ ಕಪ್ಪು, ಬೆಲೆ ಜಾಸ್ತಿ. ಚಿಲಿಯನ್ ರೋಸ್ ಒಣ ನಾಡಿನ ಜೇಡ. ಅದನ್ನು ಮೈಸೂರಿನ ಮಳೆಗಾಲದಲ್ಲಿ ಒಣದಾಗಿ ಇಡುವುದೇ ಒಂದು ಕೆಲಸ, ಮೇಲಾಗಿ ಕಾರಣವಿಲ್ಲದೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ದಿನಾ ಬೆಳಿಗ್ಗೆ 'ಇವತ್ತಾದರೂ ತಿಂತಾ?' ಎಂದು ಇಣುಕುವ ಸ್ವಭಾವದವರಿಗೆ ಇದು ತಕ್ಕದ್ದಲ್ಲ.

ಮರದ ಮೇಲೆ ಬಾಳುವ ಪಿಂಕ್ ಟೋ (ಅವಿಕ್ಯುಲೇರಿಯಾ) ಕಾಲ್ತುದಿಯಲ್ಲಿ ಗುಲಾಬಿ ಬಣ್ಣ ಹಚ್ಚಿಕೊಂಡಂತಿರುತ್ತದೆ. ಎರಡನೇ ಜೇಡವಾಗಿ ತನ್ನಿ, ಮೊದಲನೆಯದಾಗಿ ಬೇಡ. ತೇವ ಬೇಕು, ಗಾಳಿ ಇನ್ನೂ ಹೆಚ್ಚು ಬೇಕು. ತೇವಕ್ಕೆಂದು ಪೆಟ್ಟಿಗೆ ಮುಚ್ಚಿಟ್ಟವರ ಮನೆಯಲ್ಲಿ ಇದರ ಮರಿಗಳು ಉಳಿಯುವುದಿಲ್ಲ.

ಕಡಿಮೆ ಬೆಲೆಗೆ ಸಿಕ್ಕಿತೆಂದು ಆಫ್ರಿಕಾದ ಕಿತ್ತಳೆ ಬಬೂನ್ ಜೇಡವನ್ನಾಗಲಿ, ಬಣ್ಣ ಕಂಡು ಕೋಬಾಲ್ಟ್ ಬ್ಲೂವನ್ನಾಗಲಿ, ಗಾತ್ರ ಕಂಡು ಗೋಲಿಯಾತ್ ಬರ್ಡ್ ಈಟರನ್ನಾಗಲಿ ತರಬೇಡಿ. ಮೊದಲೆರಡು ಕಚ್ಚುವ ಮೊದಲು ಯೋಚಿಸುವುದಿಲ್ಲ. ಮೂರನೆಯದರ ರೋಮದ ತುರಿಕೆ ಅನುಭವಿಸಿದವರಿಗೇ ಗೊತ್ತು.

ಮರಿಯೋ, ದೊಡ್ಡದೋ, ಗಂಡೋ, ಹೆಣ್ಣೋ

ಮರಿ ಅಗ್ಗ, ಆದರೆ ಬೇಗ ಒಣಗಿ ಸಾಯುತ್ತದೆ. ಬಲಿತದ್ದು ಗಟ್ಟಿ, ಆದರೆ ದುಬಾರಿ. 4–6 ಸೆಂ.ಮೀ. ಕಾಲಿನ ಹರವಿನ ನಡುಪ್ರಾಯದ್ದು ಹೊಸಬರಿಗೆ ಸೂಕ್ತ. ಗಂಡು ಬಲಿತ ಮೇಲೆ ಬದುಕುವುದು ಹೆಚ್ಚೆಂದರೆ ಒಂದೆರಡು ವರ್ಷ. 'ದೊಡ್ಡದು, ಪೂರ್ತಿ ಬೆಳೆದಿದೆ' ಎಂದು ಕಡಿಮೆ ಬೆಲೆಗೆ ಕೊಡುತ್ತಿದ್ದರೆ ಮುಂಭಾಗದ ಎರಡು ಗಿಡ್ಡ ಕೈಗಳ ತುದಿ ನೋಡಿ. ಅಲ್ಲಿ ಬಾಕ್ಸಿಂಗ್ ಗ್ಲೌಸ್ ತೊಟ್ಟಂತೆ ಗುಂಡಗಿದ್ದರೆ ಅದು ಬಲಿತ ಗಂಡು, ಅದರ ಕೊನೆಯ ಕಾಲ ನಡೆಯುತ್ತಿದೆ. ಎಳೆಯದರಲ್ಲಿ ಗಂಡು-ಹೆಣ್ಣು ಖಚಿತವಾಗಿ ತಿಳಿಯುವುದು ಕಳಚಿದ ಪೊರೆಯ ಒಳಭಾಗ ನೋಡಿದಾಗ ಮಾತ್ರ. ಪೊರೆ ತೋರಿಸದೆ 'ಇದು ಹೆಣ್ಣೇ' ಎನ್ನುವವರ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಕೊಳ್ಳುವಾಗ ನೋಡಬೇಕಾದ್ದು ಹೊಟ್ಟೆ. ಅದು ತಲೆ-ಎದೆಯ ಚಿಪ್ಪಿಗಿಂತ ಸ್ವಲ್ಪ ದಪ್ಪ ಇರಬೇಕು. ದ್ರಾಕ್ಷಿಯಂತೆ ತುಂಬಿರಬೇಕು, ಒಣದ್ರಾಕ್ಷಿಯಂತೆ ಸುಕ್ಕಾಗಿರಬಾರದು. ಬ್ರಷ್ ತುದಿಯಿಂದ ಹಿಂಗಾಲು ಮುಟ್ಟಿದರೆ ಸರಿಯಬೇಕು. ಒಂದು ಕಾಲು ಇಲ್ಲದಿದ್ದರೆ ಚಿಂತೆಯಿಲ್ಲ, ಪೊರೆ ಕಳಚುತ್ತಾ ಮತ್ತೆ ಬೆಳೆಯುತ್ತದೆ. ಬಾಯಿಯ ಹತ್ತಿರ ಬಿಳಿ ಲೋಳೆಯೋ ಕೆಟ್ಟ ವಾಸನೆಯೋ ಇದ್ದರೆ ಬಿಟ್ಟುಬಿಡಿ.

ಪೆಟ್ಟಿಗೆ

ಜೇಡ ಬರುವ ಒಂದು ವಾರ ಮೊದಲೇ ಪೆಟ್ಟಿಗೆ ಸಿದ್ಧವಾಗಿರಲಿ. ನೆಲದ ಜಾತಿಗಳಿಗೆ ಲೆಕ್ಕ ಇಷ್ಟು: ಉದ್ದ ಕಾಲಿನ ಹರವಿನ ಮೂರರಷ್ಟು. ಮಣ್ಣಿನಿಂದ ಮುಚ್ಚಳದವರೆಗಿನ ಎತ್ತರ ಹರವಿನ ಒಂದೂವರೆಯಷ್ಟಕ್ಕಿಂತ ಹೆಚ್ಚು ಬೇಡ. ಈ ಎರಡನೇ ಅಳತೆಯೇ ಮುಖ್ಯ. ಜೇಡ ಗಾಜು ಹತ್ತುತ್ತದೆ, ಜಾರಿ ಬೀಳುತ್ತದೆ. ಒಂದಡಿ ಎತ್ತರದಿಂದ ಬಿದ್ದರೂ ಹೊಟ್ಟೆಯ ತೆಳು ಚರ್ಮ ಒಡೆದು ಸಾಯಬಹುದು. ಆದ್ದರಿಂದ ಎತ್ತರದ ಮೀನಿನ ತೊಟ್ಟಿ ಸಿಕ್ಕಿದ್ದರೆ ಅರ್ಧದವರೆಗೆ ಮಣ್ಣು ತುಂಬಿಸಿ.

1–2 ಸೆಂ.ಮೀ. ಮರಿಗೆ 100–150 ಮಿ.ಲೀ. ಪಾರದರ್ಶಕ ಡಬ್ಬಿ ಸಾಕು. 4–7 ಸೆಂ.ಮೀ. ಆದಾಗ 2–3 ಲೀಟರಿನದು. ಬಲಿತದ್ದಕ್ಕೆ 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಅಕ್ರಿಲಿಕ್ ಅಥವಾ ಗಾಜಿನ ಪೆಟ್ಟಿಗೆ, ಒಳಗೆ 12–15 ಸೆಂ.ಮೀ. ಮಣ್ಣು. ಮರಿಯನ್ನು ನೇರ ದೊಡ್ಡ ಪೆಟ್ಟಿಗೆಗೆ ಬಿಟ್ಟರೆ ಅದಕ್ಕೆ ಆಹಾರ ಸಿಗುವುದಿಲ್ಲ, ನಿಮಗೆ ಅದು ಕಾಣಿಸುವುದಿಲ್ಲ.

ಗಾಳಿಗೆ ಎರಡು ಎದುರು ಬದುರು ಗೋಡೆಗಳಲ್ಲಿ ತೂತು ಮಾಡಿ. ಪ್ಲಾಸ್ಟಿಕ್ ಡಬ್ಬಿಗೆ ಸಾಲ್ಡರಿಂಗ್ ಐರನ್ ಒಳ್ಳೆಯದು. ತೂತಿನ ಅಗಲ ಜೇಡದ ತಲೆ-ಎದೆಯ ಚಿಪ್ಪಿಗಿಂತ ಕಡಿಮೆ ಇರಲಿ, ಮರಿಗಳಿಗೆ 1 ಮಿ.ಮೀ. ಮೀರದಿರಲಿ. ಚಿಪ್ಪು ತೂರಿದರೆ ಇಡೀ ಜೇಡ ತೂರುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಹೋಗಲು ಡಬ್ಬಿಯನ್ನು ಒಂದು ದಿನ ಬಿಸಿಲಿಗಿಡಿ. ಮುಚ್ಚಳಕ್ಕೆ ಸೊಳ್ಳೆ ಪರದೆಯ ಜಾಲರಿ ಹಾಕಬೇಡಿ. ಪಾದದ ಕೊಕ್ಕೆ ಸಿಕ್ಕಿಕೊಂಡು ತಲೆಕೆಳಗಾಗಿ ಜೋತಾಡಿ ಕಾಲು ಕಳೆದುಕೊಳ್ಳುತ್ತದೆ.

ಹಾಸು ಮಣ್ಣಿಗೆ ಕೊಕೊಪೀಟ್, ಅಂದರೆ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ. 650 ಗ್ರಾಂ ಇಟ್ಟಿಗೆಗೆ 4 ಲೀಟರ್ ಬೆಚ್ಚನೆಯ ನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಸುಮಾರು 8 ಲೀಟರಿನಷ್ಟು ಉಬ್ಬುತ್ತದೆ. ಒಮ್ಮೆ ಹಿಂಡಿ, ಹೊಸ ನೀರಿನಲ್ಲಿ ತೊಳೆದು ಮತ್ತೆ ಹಿಂಡಿ, ಉಪ್ಪು ಹೋಗುತ್ತದೆ. ಬಳಿಕ ಹಳೆಯ ಬಟ್ಟೆಯ ಮೇಲೆ ಎರಡು ದಿನ ಬಿಸಿಲಿಗೆ ಹರವಿ. ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬಿಲ ಕುಸಿಯದಿರಲು ಮೂರು ಪಾಲಿಗೆ ಒಂದು ಪಾಲು ಕೆಮ್ಮಣ್ಣು ಬೆರೆಸಬಹುದು. ಕೆಮ್ಮಣ್ಣನ್ನು ಹಳೆಯ ಬಾಣಲೆಯಲ್ಲಿ 20 ನಿಮಿಷ ಹುರಿದು ಆರಿಸಿ.

ಇಲ್ಲೊಂದು ಎಡವಟ್ಟು ಆಗುವುದುಂಟು. ನರ್ಸರಿಗಳಲ್ಲಿ 'ರೆಡಿ ಮಿಕ್ಸ್' ಎಂದು ಕೊಡುವ ಚೀಲದಲ್ಲಿ ಕೊಕೊಪೀಟ್ ಜೊತೆ ಬೇವಿನ ಹಿಂಡಿ, ಎರೆಗೊಬ್ಬರ ಸೇರಿರುತ್ತವೆ. ಗಿಡಕ್ಕೆ ಬೇವಿನ ಹಿಂಡಿ ಹಾಕುವುದೇ ಹುಳು ಸಾಯಲಿ ಎಂದು, ಅದರ ಮೇಲೆ ಜೇಡ ಕೂರಿಸಬಾರದು. ಏನೂ ಬೆರೆಸದ ಇಟ್ಟಿಗೆಯನ್ನೇ ಕೇಳಿ ತನ್ನಿ.

ಅಡಗಲು ಅರ್ಧ ತೆಂಗಿನ ಚಿಪ್ಪು ಸಾಕು. ಒಳಗಿನ ಕಾಯಿ ಪೂರ್ತಿ ಕೆರೆದು, ಕುದಿಸಿ, ಒಣಗಿಸಿ, ಅಂಚಿನಲ್ಲಿ ಬಾಗಿಲಿನಷ್ಟು ಕತ್ತರಿಸಿ ಮಣ್ಣಲ್ಲಿ ಅರ್ಧ ಹೂತಿಡಿ. ಕಾಯಿಯ ಚೂರು ಉಳಿದರೆ ಬೂಷ್ಟೂ ಬರುತ್ತದೆ, ಇರುವೆಯೂ ಬರುತ್ತದೆ. ನೀರಿಗೆ ಮರಿಯಾದರೆ ಬಾಟಲಿ ಮುಚ್ಚಳ, ದೊಡ್ಡದಾದರೆ ಸಣ್ಣ ಪಿಂಗಾಣಿ ಬಟ್ಟಲು. ಸ್ಪಂಜ್, ಹತ್ತಿ ಹಾಕುವುದು ಹಳೆಯ ಕಾಲದ ತಪ್ಪು, ಕೊಳೆತು ನಾರುವುದಷ್ಟೇ. ಜೇಡ ಬಟ್ಟಲಲ್ಲಿ ಮುಳುಗುತ್ತದೆ ಎಂಬ ಭಯ ಬೇಡ, ಅದು ತೇಲುತ್ತದೆ.

ಎಲ್ಲಿಡಬೇಕು?

20ರಿಂದ 30 ಡಿಗ್ರಿ ಹಿತ. ಡಿಸೆಂಬರ್, ಜನವರಿಯ ರಾತ್ರಿ 16 ಡಿಗ್ರಿಗೆ ಇಳಿದರೆ ತಿನ್ನುವುದು ಕಡಿಮೆಯಾಗುತ್ತದೆ, ಅಷ್ಟೇ. ಬಲ್ಬು, ಹೀಟರ್ ಯಾವುದೂ ಬೇಡ. ಭಯಪಡಬೇಕಾದ್ದು ಬೇಸಿಗೆಗೆ. ಮಾರ್ಚ್ ಕೊನೆಯಿಂದ ಮೇ ನಡುವೆ ಮಂಡ್ಯದ ತಾರಸಿ ಮನೆಗಳ ಮೇಲಂತಸ್ತಿನ ಕೋಣೆ ಸಂಜೆಯ ಹೊತ್ತಿಗೆ ಒಲೆಯಂತಾಗಿರುತ್ತದೆ. ಶೀಟಿನ ಮನೆಯಾದರಂತೂ ಕೇಳಲೇಬೇಡಿ. ಆ ಎರಡು ತಿಂಗಳು ಪೆಟ್ಟಿಗೆಯನ್ನು ಕೆಳಗಿನ ಮನೆಯ ಉತ್ತರದ ಕೋಣೆಗೆ, ನೆಲಕ್ಕೆ ಹತ್ತಿರದ ಅರೆಗೆ ಇಳಿಸಿ. 35 ಡಿಗ್ರಿ ದಾಟಿದರೆ ಅಪಾಯ. ಕಿಟಕಿಯ ನೇರ ಬಿಸಿಲು ಬಿದ್ದರೆ ಗಾಜಿನ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಆ ಗಡಿ ದಾಟಬಲ್ಲದು.

ತೇವದ ವಿಷಯದಲ್ಲಿ ಹೈಗ್ರೋಮೀಟರ್ ಮುಳ್ಳು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಕರ್ಲಿ ಹೇರ್‌ಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರಿನ ಬಟ್ಟಲು ತುಂಬಿ ಹರಿಯುವಂತೆ ಸುರಿದು, ಆ ಒಂದು ಮೂಲೆ ಮಾತ್ರ ಹಸಿಯಾಗಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನೂ ನಿಲ್ಲಿಸಿ. ಮರಿಗಳ ಡಬ್ಬಿಯ ತಳದ ಮಣ್ಣು ಮಾತ್ರ ಯಾವ ಕಾಲದಲ್ಲೂ ಪೂರ್ತಿ ಒಣಗಬಾರದು, ಅಂಚಿನಲ್ಲಿ ಹತ್ತು ಹನಿ ಬಿಡಿ. ಗಾಜಿನ ಒಳಗೋಡೆಯಲ್ಲಿ ಬೆವರು ಹನಿಗಟ್ಟಿದ್ದರೆ ಗಾಳಿ ಸಾಲದು ಎಂದರ್ಥ, ತೂತು ಹೆಚ್ಚಿಸಿ.

ಆಹಾರ

ಮರಿಗೆ 5–7 ದಿನಕ್ಕೊಮ್ಮೆ, ನಡುಪ್ರಾಯದ್ದಕ್ಕೆ ವಾರಕ್ಕೊಮ್ಮೆ, ಬಲಿತದ್ದಕ್ಕೆ 10–15 ದಿನಕ್ಕೊಮ್ಮೆ ಒಂದೆರಡು ಹುಳು. ಹುಳು ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಹೊಟ್ಟೆ ಚಿಪ್ಪಿನ ಒಂದೂವರೆಯಷ್ಟು ದಪ್ಪವಾಯಿತೆಂದರೆ ಆಹಾರದ ಅಂತರ ಹೆಚ್ಚಿಸಿ. ಉಬ್ಬಿದ ಹೊಟ್ಟೆ ಬಿದ್ದಾಗ ಬೇಗ ಒಡೆಯುತ್ತದೆ. ತಿನ್ನದೆ ಬಿಟ್ಟ ಹುಳುವನ್ನು 24 ಗಂಟೆಯೊಳಗೆ ತೆಗೆಯಿರಿ.

ಕ್ರಿಕೆಟ್ ಹುಳು, ಜಿರಲೆ ಸಾಕಿ ಮಾರುವವರಿಂದ ತಂದವು, ಮೀಲ್‌ವರ್ಮ್ ಎಲ್ಲವೂ ಆಗುತ್ತವೆ. ಮೀಲ್‌ವರ್ಮ್ ಮನೆಯಲ್ಲೇ ಬೆಳೆಸುವುದು ಸುಲಭ: ಅಗಲ ಡಬ್ಬಿಯಲ್ಲಿ 5 ಸೆಂ.ಮೀ. ಗೋಧಿ ಬೂಸಾ, ಮೇಲೆ ಎರಡು ದಿನಕ್ಕೊಮ್ಮೆ ಒಂದು ಚೂರು ಕ್ಯಾರೆಟ್. ಬೂಸಾ ಬರೀ ಗೋಧಿಯದಾಗಿರಲಿ, ಹಸುವಿನ ಹಿಂಡಿ ಮಿಶ್ರಣ ಬೇಡ. ಹಾಕುವ ಮೊದಲು ಹುಳುವಿನ ತಲೆ ಚಿವುಟಿ. ಇಲ್ಲದಿದ್ದರೆ ಅದು ಮಣ್ಣೊಳಗೆ ಇಳಿದು, ಮುಂದೆ ದುಂಬಿಯಾಗಿ ಮೇಲೆದ್ದು, ಪೊರೆ ಕಳಚುತ್ತಾ ಮಲಗಿರುವ ಜೇಡವನ್ನೇ ಕಡಿಯಬಹುದು.

ನಮ್ಮ ಕಡೆ ಮಾತ್ರ ಸುಲಭಕ್ಕೆ ಸಿಗುವ ಒಂದು ಆಹಾರವಿದೆ: ರೇಷ್ಮೆ ಹುಳು. ಮೃದು, ಕಚ್ಚುವುದಿಲ್ಲ, ಮಣ್ಣೊಳಗೆ ಅಡಗುವುದಿಲ್ಲ. ಮೂರನೇ ಜ್ವರದಿಂದ (ಪೊರೆ ಬಿಡಲು ಸುಮ್ಮನೆ ಕೂರುವ ಹಂತದಿಂದ) ಎದ್ದ ಹುಳು ನಡುಪ್ರಾಯದ ಜೇಡಕ್ಕೆ ಸರಿಯಾದ ಗಾತ್ರ. ಕೊನೆಯ ಹಂತದ ಹುಳು ಬಲಿತ ಜೇಡಕ್ಕೆ ಮಾತ್ರ. ಆದರೆ ರೇಷ್ಮೆ ಸಾಕುವ ಹುಳು ಮನೆಯಿಂದ ನೇರ ತಂದು ಹಾಕಬಾರದು. ಹಾಸಿಗೆಗೆ ಎರಚುವ ಸುಣ್ಣ, ಸೋಂಕು ನಿವಾರಕ ಪುಡಿ ಅದರ ಮೈಗೆ ಅಂಟಿರುತ್ತದೆ. ಪುಡಿ ಬೀಳುವ ಮೊದಲೇ ಹತ್ತಿಪ್ಪತ್ತು ಚಾಕಿ (ಎಳೆಯ) ಹುಳು ಕೇಳಿ ತಂದು, ಔಷಧ ಹೊಡೆಯದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೀವೇ ಬೆಳೆಸಿ. ಹಾಲುತೊಂಡೆಯೋ ಸಪ್ಪೆ ರೋಗವೋ ಕಂಡ ತಂಡದಿಂದ ಬೇಡವೇ ಬೇಡ.

ಗದ್ದೆ, ಕಬ್ಬಿನ ತೋಟ, ರಸ್ತೆ ಬದಿಯ ಹುಲ್ಲಿನಿಂದ ಮಿಡತೆ ಹಿಡಿದು ಹಾಕುವವರಿಗೆ ಒಂದು ಎಚ್ಚರಿಕೆ. ನಾಲೆ ಬಯಲಿನಲ್ಲಿ ಯಾವ ಗದ್ದೆಗೆ ಯಾವತ್ತು ಔಷಧ ಹೊಡೆದರೆಂದು ನಿಮಗೆ ತಿಳಿಯುವುದಿಲ್ಲ. ಔಷಧ ತಾಗಿದ ಮಿಡತೆ ಸಾಯುವ ಮುನ್ನ ಒಂದೆರಡು ದಿನ ಕುಪ್ಪಳಿಸುತ್ತಲೇ ಇರಬಹುದು. ಅದನ್ನು ತಿಂದ ಜೇಡ ನಡುಗುತ್ತದೆ, ತೂರಾಡುತ್ತದೆ, ಕಾಲುಗಳು ಒಂದಕ್ಕೊಂದು ಹೊಂದದಂತೆ ಎಳೆದಾಡುತ್ತದೆ. ಅದಕ್ಕೆ ಮದ್ದಿಲ್ಲ. ಮನೆಯ ಜಿರಲೆಗೂ ಇದೇ ಮಾತು.

ಪೊರೆ ಕಳಚುವುದು

ಹೊಸಬರು ಬದುಕಿರುವ ಜೇಡವನ್ನು ಸತ್ತಿತೆಂದು ಎಸೆಯುವುದು ಈ ಹಂತದಲ್ಲೇ. ರೇಷ್ಮೆ ಮನೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಜೇಡ ಜ್ವರಕ್ಕೆ ಕೂತಿದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಗದ್ದಲ ಮಾಡದೆ, ಎಲ್ಲವೂ ಏಳುವವರೆಗೆ ಕಾಯುವ ಶಿಸ್ತು ಅವರಿಗೆ ಕಲಿಸಬೇಕಿಲ್ಲ. ಇಲ್ಲಿಯೂ ಅಷ್ಟೇ, ಕಾಯುವ ಕಾಲ ಮಾತ್ರ ದೀರ್ಘ.

ಮುನ್ಸೂಚನೆಗಳು ಹೀಗೆ. ಆಹಾರ ಬಿಡುತ್ತದೆ, ಮರಿಯಾದರೆ ವಾರ, ಬಲಿತದ್ದಾದರೆ ತಿಂಗಳುಗಳು. ಮೈಬಣ್ಣ ಮಂಕಾಗುತ್ತದೆ. ರೋಮ ಉದುರಿದ ಹೊಟ್ಟೆಯ ಬೋಳು ಜಾಗ ಚರ್ಮದ ಬಣ್ಣದಿಂದ ಕಪ್ಪಿಗೆ ತಿರುಗಿ ಹೊಳೆಯುತ್ತದೆ, ಒಳಗೆ ಹೊಸ ರೋಮ ಸಿದ್ಧವಾಗಿರುವುದೇ ಅದರ ಕಾರಣ. ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಳ್ಳಬಹುದು. ಬಿಚ್ಚಬೇಡಿ. ಕೊನೆಗೆ ನೆಲದ ಮೇಲೆ ಬಿಳಿ ಬಲೆಯ ಚಾಪೆ ನೇಯ್ದು ಅಂಗಾತ ಮಲಗುತ್ತದೆ.

ಅಂಗಾತ ಮಲಗಿದ್ದು ಸಾವಲ್ಲ. ಸಾಯುವ ಜೇಡ ನೆಟ್ಟಗೇ ನಿಂತು ಕಾಲುಗಳನ್ನು ಹೊಟ್ಟೆಯಡಿಗೆ ಮುಷ್ಟಿಯಂತೆ ಮಡಚಿಕೊಳ್ಳುತ್ತದೆ. ಅದು ಕಾಲು ಚಾಚುವುದು ದೇಹದ ದ್ರವದ ಒತ್ತಡದಿಂದ. ಆ ಒತ್ತಡ ಹೋದಾಗ ಕಾಲು ತಾನಾಗಿ ಮುದುಡುತ್ತದೆ. ಹೀಗೆ ಮುದುಡಿದ್ದು ಕಂಡರೆ ಹೆಚ್ಚಿನ ಸಲ ಬಾಯಾರಿಕೆ ಕಾರಣ. ನೀರಿನ ಬಟ್ಟಲ ಅಂಚಿನಲ್ಲಿ, ಬಾಯಿ ನೀರಿಗೆ ತಾಗುವಂತೆ, ಹಿಂಭಾಗ ಹೊರಗಿರುವಂತೆ ಮೆಲ್ಲನೆ ಕೂರಿಸಿ. ಉಸಿರಾಟದ ಸೀಳುಗಳು ಹೊಟ್ಟೆಯ ಅಡಿಯಲ್ಲಿರುವುದರಿಂದ ಅಲ್ಲಿಗೆ ನೀರು ಬರಬಾರದು.

ಪೊರೆ ಕಳಚಲು ಮರಿಗೆ ಒಂದು ಗಂಟೆಯೊಳಗೆ ಸಾಕು. ದೊಡ್ಡದಕ್ಕೆ ಇಡೀ ರಾತ್ರಿ ಬೇಕಾಗಬಹುದು. ಊದುವುದು, ನೀರು ಚಿಮುಕಿಸುವುದು, ಸಿಕ್ಕಿಕೊಂಡ ಕಾಲನ್ನು ಎಳೆಯುವುದು ಯಾವುದೂ ಬೇಡ. ಹೊರಬಂದದ್ದು ಮೇಣದಷ್ಟು ಮೆತ್ತಗಿರುತ್ತದೆ, ವಿಷದ ಹಲ್ಲು ಬಿಳಿಯಾಗಿರುತ್ತದೆ. ಅದು ಕೆಂಪಾಗಿ, ಪೂರ್ತಿ ಕಪ್ಪಾದ ಮೇಲೆಯೇ ಆಹಾರ: ಮರಿಗೆ ಒಂದು ವಾರ, ಬಲಿತದ್ದಕ್ಕೆ ಎರಡು ವಾರಕ್ಕಿಂತ ಹೆಚ್ಚು. ಬೇಗ ಹಾಕಿದರೆ ಮೆತ್ತನೆಯ ಹಲ್ಲು ಬಾಗುತ್ತದೆ, ಮುಂದಿನ ಪೊರೆಯವರೆಗೂ ಸರಿಹೋಗುವುದಿಲ್ಲ. ನೀರು ಮಾತ್ರ ಮೊದಲ ದಿನದಿಂದಲೇ ಇರಲಿ. ಕಳಚಿದ ಪೊರೆ ಒಣಗಿ ಗರಿಯಾಗುವ ಮೊದಲೇ ತೆಗೆದು, ಹನಿ ಸೋಪು ಬೆರೆಸಿದ ನೀರಲ್ಲಿ ಮೆತ್ತಗೆ ಮಾಡಿ ಬಿಡಿಸಿಟ್ಟರೆ ಗಂಡು-ಹೆಣ್ಣು ನೋಡಬಹುದು.

ಮನೆಯೊಳಗಿನ ಶತ್ರುಗಳು

ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರವ, ಸೊಳ್ಳೆ ಬತ್ತಿ, ಸ್ಪ್ರೇ, ಇರುವೆಗೆ ಗೀಚುವ ಚಾಕ್, ನಾಯಿಯ ಉಣ್ಣೆ ಔಷಧ ಎಲ್ಲವೂ ಕೀಟನಾಶಕಗಳೇ. ಜೇಡಕ್ಕೂ ಅವು ವಿಷವೇ. ಜೇಡವಿರುವ ಕೋಣೆಯಲ್ಲಿ ಇವು ಬೇಡ, ಸೊಳ್ಳೆ ಪರದೆ ಕಟ್ಟಿಕೊಳ್ಳಿ. ನಾಯಿಗೆ ಔಷಧ ಹಚ್ಚಿದ ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆಯದೆ ಪೆಟ್ಟಿಗೆ ಮುಟ್ಟಬೇಡಿ. ಬೀದಿಯಲ್ಲಿ ಫಾಗಿಂಗ್ ಯಂತ್ರದ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಹೊಗೆ ಇಳಿದ ಮೇಲೆ ತೆಗೆಯಿರಿ. ಊದುಬತ್ತಿ ಮಾಡುವ ಊರಿನವರಿಗೆ ಊದುಬತ್ತಿ ಹಚ್ಚಬೇಡಿ ಎನ್ನಲಾಗದು. ದೇವರ ಮನೆಯ ಹೊಗೆ, ಸಾಂಬ್ರಾಣಿ ನೇರ ತಾಗದ ಕೋಣೆ ಆರಿಸಿಕೊಂಡರೆ ಸಾಕು.

ಇರುವೆಗೆ ರೇಷ್ಮೆ ಸ್ಟ್ಯಾಂಡಿನ ಉಪಾಯವೇ ಶ್ರೇಷ್ಠ. ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿಡಿ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಸ್ಟ್ಯಾಂಡು ಗೋಡೆಗೆ, ಪರದೆಗೆ ತಾಗಬಾರದು, ತಾಗಿದರೆ ಅದೇ ಸೇತುವೆ. ವಾರಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಬೇಸಿಗೆಯಲ್ಲಿ ಬಟ್ಟಲು ಒಣಗಿದ ಒಂದು ರಾತ್ರಿ ಸಾಕು, ಕೆಂಪಿರುವೆ ಪೊರೆ ಬಿಟ್ಟ ಜೇಡವನ್ನು ಬೆಳಗಾಗುವುದರೊಳಗೆ ಮುಗಿಸಿರುತ್ತದೆ.

ಮಣ್ಣಿನ ಮೇಲೆ ಬಿಳಿ ಹಿಟ್ಟು ಹರಿದಾಡಿದಂತೆ ಕಂಡರೆ ಅದು ನುಸಿ. ಕೊಳೆತ ಹುಳುವಿನ ಚೂರು, ಹೆಚ್ಚಾದ ತೇವ ಇದರ ಮೂಲ. ಮಣ್ಣು ಪೂರ್ತಿ ಬದಲಿಸಿ ಹದಿನೈದು ದಿನ ಒಣದಾಗಿಡಿ.

ಸ್ಥಳಾಂತರ, ರೋಮ, ಕಡಿತ

ಹೊಸ ಪೆಟ್ಟಿಗೆಗೆ ಬದಲಿಸುವ ಕೆಲಸವನ್ನು ಮಂಚ, ಸೋಫಾ ಇರುವ ಕೋಣೆಯಲ್ಲಿ ಮಾಡಬೇಡಿ. ಬಚ್ಚಲುಮನೆ ಒಳ್ಳೆಯದು. ನೀರು ಹೋಗುವ ಜಾಲರಿಯ ಮೇಲೆ ಒದ್ದೆ ಬಟ್ಟೆ ಹಾಕಿ, ಕಮೋಡ್ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ. ನೆಲದ ಮೇಲೆ ದೊಡ್ಡ ಟಬ್, ಅದರೊಳಗೆ ಎರಡೂ ಪೆಟ್ಟಿಗೆ. ಜೇಡದ ಮುಂದೆ ಅಗಲ ಬಾಯಿಯ ಪಾರದರ್ಶಕ ಡಬ್ಬಿಯನ್ನು ಅಡ್ಡ ಹಿಡಿದು, ಮೃದು ಬ್ರಷ್‌ನಿಂದ ಹಿಂಗಾಲನ್ನು ಮೆಲ್ಲನೆ ತಟ್ಟಿ. ತಾನಾಗಿ ಒಳಗೆ ನಡೆಯುತ್ತದೆ. ಡಬ್ಬಿಯನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಬಾಯಿ ತೆರೆದು ಬಿಟ್ಟುಬಿಡಿ, ಅದಕ್ಕೆ ಬೇಕಾದಾಗ ಹೊರಬರಲಿ. ಮುಂಗಾಲೆತ್ತಿ ಹಲ್ಲು ತೋರಿಸಿದರೆ ಐದು ನಿಮಿಷ ಸುಮ್ಮನಿರಿ. ಹೊಸ ಜಾಗದಲ್ಲಿ ಒಂದು ವಾರ ಆಹಾರ ಕೇಳುವುದಿಲ್ಲ, ಹಾಕಲೂ ಬೇಡಿ.

ಕೈಗವಸು, ಪೂರ್ತಿ ತೋಳಿನ ಅಂಗಿ, ಕನ್ನಡಕ ಇವು ರೋಮಕ್ಕಾಗಿ. ಚರ್ಮಕ್ಕೆ ತಾಗಿದರೆ ಉಜ್ಜದೆ ಸೆಲ್ಲೋಟೇಪ್ ಒತ್ತಿ ಕಿತ್ತು, ಆಮೇಲೆ ತಣ್ಣೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ವಿಷಯ ಬೇರೆ. ಆ ರೋಮಕ್ಕೆ ಕೊಕ್ಕೆಗಳಿರುತ್ತವೆ, ಉಜ್ಜಿದಷ್ಟೂ ಒಳಗಿಳಿಯುತ್ತದೆ. ಧಾರೆ ನೀರಲ್ಲಿ ತೊಳೆದು ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಜೇಡದ ರೋಮ ಎಂದು ಸ್ಪಷ್ಟವಾಗಿ ಹೇಳಿ. ಅಮೆರಿಕದ ಜಾತಿಗಳ ಕಡಿತ ಸಾಮಾನ್ಯವಾಗಿ ಕಣಜ ಕಚ್ಚಿದಷ್ಟು. ಸೋಪಿನಿಂದ ತೊಳೆದು ಗಮನಿಸಿ, ಉಸಿರು ಕಟ್ಟಿದಂತಾದರೆ, ಮುಖ ಊದಿದರೆ ಆಸ್ಪತ್ರೆಗೆ ಓಡಿ.

ಊರಿಗೆ ಹೋಗುವಾಗ

ದಸರಾ ರಜೆಗೋ ಮದುವೆಗೋ ಎರಡು ವಾರ ಬೀಗ ಹಾಕಿ ಹೋಗಬೇಕಾದರೆ ಬಲಿತ ಜೇಡಕ್ಕೆ ಏನೂ ಆಗುವುದಿಲ್ಲ. ಹೊರಡುವ ಮೂರು ದಿನ ಮೊದ್ಲು ಒಂದು ಹುಳು ಹಾಕಿ, ಉಳಿದ ಚೂರು ತೆಗೆದು, ದೊಡ್ಡ ಬಟ್ಟಲಲ್ಲಿ ನೀರು ತುಂಬಿಡಿ. ಜೀವಂತ ಹುಳು ಒಳಗೆ ಬಿಟ್ಟು ಹೋಗಬೇಡಿ. ಇರುವೆ ಬಟ್ಟಲುಗಳನ್ನು ಅಂಚಿನವರೆಗೆ ತುಂಬಿಸಿ. ಮರಿಗಳಿದ್ದರೆ ಮಾತ್ರ ನಾಲ್ಕೈದು ದಿನಕ್ಕೊಮ್ಮೆ ಹತ್ತು ಹನಿ ನೀರು ಬಿಡಲು ಪಕ್ಕದ ಮನೆಯವರಿಗೆ ಡ್ರಾಪರ್ ಕೊಟ್ಟು ತೋರಿಸಿ. ಬೀಗದ ಕೈ ಕೊಡುವಾಗಲೇ ಇನ್ನೊಂದು ಮಾತು ಹೇಳಿ: ಮನೆಯಲ್ಲಿ ಸೊಳ್ಳೆ ಎಂದು ಸ್ಪ್ರೇ ಹೊಡೆಯಬೇಡಿ.